ಸ್ಟ್ರೈಕ್ ಬ್ಯಾಡ ಅಂದ್ರ ಪೊಲೀಸ್ರಿಗೆ ಮಾತಾಡ್ಲಿಕ್ಕೆ ಒಂದು ಜಾಗಾ ಕೊಡ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ಪೊಲೀಸ್ರು ಸಾಮೂಹಿಕ ರಜೆ ಹಾಕ್ತೀವಿ, ಸ್ಟ್ರೈಕ್ ಮಾಡ್ತೀವಿ ಅಂತ ಬಾಯಿ ತೆಗದ್ರ ಮುಲಾಜಿಲ್ಲದ ಡಿಸ್ಮಿಸ್ ಮಾಡಿ ಮನಿಗೆ ಕಳಸ್ರಿ, ಸಂಬಳ ಸಾಲಂಗಿಲ್ಲ ಅನ್ನೋರು ಬ್ಯಾರೆ ಕೆಲಸ ನೋಡ್ಕೊಳ್ಳಿ ಅಂತ ಹೋದ ವಾರ ಇದೇ ಕಾಲಂನಾಗ ಓದುಗರೊಬ್ಬರು ಬರದಿದ್ರು. ಅವರ ಸಿಟ್ಟು ನನಗ ತಿಳೀತದ. ಠಾಣೆಗೆ ಠಾಣೆನೇ ಕೆಲಸ ಬಿಟ್ಟು ಕುಂತ್ರ ಊರಿನ ಗತಿ ಏನು ಅನ್ನೋ ಅಂಜಿಕಿ ನನಗೂ ಅದ, ರಾತ್ರಿ ಒಬ್ಬಾಕಿನೇ ಮನ್ಯಾಗ ಇರಾಕಿ ನಾ. ಹಂಗಾಗಿ ಪೊಲೀಸ್ರು ಸ್ಟ್ರೈಕ್ ಮಾಡ್ಲಿ ಅಂತ ಹೇಳ್ಲಿಕ್ಕೆ ಈ ಪತ್ರ ಬರೀಲಿಕ್ಕತ್ತಿಲ್ಲ. ಆದ್ರ ಸ್ಟ್ರೈಕ್ ಮಾಡಬ್ಯಾಡ, ಸಂಘ ಕಟ್ಟಬ್ಯಾಡ, ಪೇಪರಿಗೆ ಬರೀಬ್ಯಾಡ, ಸಾಹೇಬ್ರ ಎದುರು ಸೊಲ್ಲು ಎತ್ತಬ್ಯಾಡ ಅಂತ ಎಲ್ಲಾ ಬಾಗಲಾ ಹಾಕಿದ ಮ್ಯಾಲ ಆ ಮನಷ್ಯಾ ತನ್ನ ತ್ರಾಸು ಯಾರ ಮುಂದ ಹೇಳ್ಕೋಬೇಕು ಅನ್ನೋದನ್ನ ಆ ಓದುಗರೂ ಹೇಳಿಲ್ಲ, ಇಷ್ಟು ವರ್ಷ ಯಾವ ಸರ್ಕಾರನೂ ಹೇಳಿಲ್ಲ. ಅದೊಂದನ್ನ ಕೇಳ್ಲಿಕ್ಕೆ ಬರೀಲಿಕ್ಕತ್ತೀನಿ.

ನಾ ಸರ್ಕಾರಿ ಹೈಸ್ಕೂಲಿನಾಗ ಸಮಾಜ ವಿಜ್ಞಾನ ಕಲಿಸಿ ರಿಟೈರ್ ಆದಾಕಿ. ನನ್ನ ಮಗ ಪೊಲೀಸ್ ಕಾನ್‌ಸ್ಟೇಬಲ್. ಈ ಪತ್ರ ಅವನೇ ಬರೀಬಹುದಿತ್ತಲ್ಲ ಅಂತ ಯಾರಾದ್ರೂ ಕೇಳಿದ್ರ, ಬರೀಲಿಕ್ಕೆ ಬರಂಗಿಲ್ರಿ. ಪೊಲೀಸ್ ಪಡೆಗಳ ಹಕ್ಕುಗಳಿಗೆ ನಿರ್ಬಂಧ ಹಾಕೋ 1966ರ ಕೇಂದ್ರದ ಕಾಯ್ದೆ ಒಂದದ. ಅದರ 3ನೇ ಕಲಮಿನ ಪ್ರಕಾರ ಪೊಲೀಸಾದವ ಪರವಾನಗಿ ಇಲ್ಲದ ಕಾರ್ಮಿಕ ಸಂಘ ಸೇರಂಗಿಲ್ಲ, ಪೇಪರಿನವರಿಗೆ ಒಂದು ಪತ್ರ ಬರಿಯಂಗಿಲ್ಲ, ಬೇಡಿಕೆ ಮೆರವಣಿಗಿ ಸಭಾದಾಗ ನಿಂದ್ರಂಗಿಲ್ಲ. ಮೀರಿದ್ರ 2 ವರ್ಷದ ತನಕ ಜೈಲು, ಇಲ್ಲಾ 2,000 ರೂಪಾಯಿ ತನಕ ದಂಡ, ಇಲ್ಲಾ ಎರಡೂ. ಸಂವಿಧಾನದ 33ನೇ ವಿಧಿ ಪಾರ್ಲಿಮೆಂಟಿಗೆ ಆ ಅಧಿಕಾರ ಕೊಟ್ಟದ, ಅದನ್ನ ನಾನೇ ಮಕ್ಕಳಿಗೆ ಪಾಠ ಮಾಡೀನಿ, ನನಗ ಅದರ ಮ್ಯಾಲ ತಕರಾರು ಇಲ್ಲ. ಈ ಪತ್ರದ ವಿಷಯ ನನ್ನ ಮಗನಿಗೆ ನಾ ಹೇಳಿಲ್ಲ, ಅವನು ಬರಿ ಅಂತನೂ ಹೇಳಿಲ್ಲ. ನನ್ನ ಹೆಸರು ಹಾಕಬ್ಯಾಡ್ರಿ ಅಂತ ಕೇಳೋದೂ ಇದೇ ಕಾರಣಕ್ಕ.

2016ರ ಜೂನ್ 4 ಭಾಳ ಮಂದಿಗೆ ಮರತು ಹೋಗ್ಯದ. ಪೊಲೀಸರ ಮನ್ಯಾಗ ಯಾರೂ ಮರತಿಲ್ಲ. ಆವತ್ತು ರಾಜ್ಯದ ತುಂಬ ಪೊಲೀಸ್ರು ಒಮ್ಮೆಲೇ ರಜೆ ಹಾಕ್ತಾರಂತ ಕರೆ ಇತ್ತು. ಸಂಬಳ ಹೆಚ್ಚು ಮಾಡ್ರಿ, ವಾರದ ರಜೆ ಕೊಡ್ರಿ, ಸಾಹೇಬ್ರ ಮನಿ ಚಾಕರಿಗೆ ಹಚ್ಚೋ ಆರ್ಡರ್ಲಿ ಪದ್ಧತಿ ನಿಲ್ಲಸ್ರಿ, ಮ್ಯಾಲಿನವರ ಕಿರುಕುಳ ತಪ್ಪಸ್ರಿ, ಇಷ್ಟು ಬೇಡಿಕೆ. ಕರೆ ಕೊಟ್ಟ ಪೊಲೀಸ್ ಮಹಾಸಂಘದ ಅಧ್ಯಕ್ಷರನ್ನ ಮೊದಲೇ ಹಿಡದು ಒಳಗ ಹಾಕಿದ್ರು, ಅದೂ ಯಾವ ಕೇಸು, ದೇಶದ್ರೋಹದ ಕೇಸು. ವಾರಕ್ಕೊಂದು ದಿನ ರಜೆ ಕೇಳೋದಕ್ಕ ದೇಶದ್ರೋಹ ಅಂತ ಹಚ್ಚಿದ್ದನ್ನ ಓದಿ ಆವತ್ತು ಸ್ಟಾಫ್ ರೂಮಿನಾಗ ನಾವೆಲ್ಲಾ ಒಬ್ಬರ ಮುಖ ಒಬ್ಬರು ನೋಡಿದ್ವಿ. ಜೂನ್ 4 ಬಂತು, ಹೋತು, ಪೊಲೀಸ್ರು ಎಂದಿನಂಗ ಡ್ಯೂಟಿಗೆ ಹೋದ್ರು. ಸ್ಟ್ರೈಕ್ ಆಗ್ಲಿಲ್ಲ.

ಆದ್ರ ಆಮ್ಯಾಲ ಏನಾತು ನೋಡ್ರಿ. ಆ ಗದ್ದಲ ಆದ ಮ್ಯಾಲೇ ಸರ್ಕಾರ ಎಡಿಜಿಪಿ ರಾಘವೇಂದ್ರ ಔರಾದಕರ್ ಅವರ ಕಮಿಟಿ ಮಾಡ್ತು. ಕಮಿಟಿ ಅದೇ ವರ್ಷ ವರದಿ ಕೊಡ್ತು, ಬ್ಯಾರೆ ಇಲಾಖೆದಾಗ ಇದೇ ದರ್ಜೆ ನೌಕರರಿಗೆ ಹೋಲಿಸಿದ್ರ ಪೊಲೀಸರ ಸಂಬಳ ಕಡಿಮಿ ಅದ, ಸರಿ ಮಾಡ್ರಿ ಅಂತು. ವರದಿ ಮೂರು ವರ್ಷ ಕಪಾಟಿನಾಗ ಕುಂತಿತ್ತು. 2019ರ ಆಗಸ್ಟ್ 1ರಿಂದ ಜಾರಿ ಆತು, ಹೊಸ ಕಾನ್‌ಸ್ಟೇಬಲ್ ಮೂಲ ವೇತನ 21,400 ಇದ್ದದ್ದು 23,500 ಆತು. ಅದರಾಗ ಇನ್ನೊಂದು ತ್ರಾಸು ಹುಟ್ಟಿತು, ಮೊದಲೇ ಸೇರಿದವರಿಗೆ ಅದರ ಲಾಭ ಸರಿಯಾಗಿ ಮುಟ್ಟಲಿಲ್ಲ, ನಿನ್ನೆ ಮೊನ್ನೆ ಸೇರಿದವನ ಸಂಬಳಕ್ಕೂ ವರ್ಷಗಟ್ಟಲೆ ಸವದವನ ಸಂಬಳಕ್ಕೂ ಭಾಳ ಫರಕ ಉಳೀಲಿಲ್ಲ ಅಂತ ಹಿರೇ ಸಿಬ್ಬಂದಿ ಇವತ್ತಿಗೂ ಕೊರಗ್ತಾರ. ಈಗ ಆ ಕೊರಗು ಯಾರ ಮುಂದ ಹೇಳ್ಬೇಕು? ಮಾನ್ಯತೆ ಇರೋ ಸಂಘ ಇಲ್ಲ, ವೇತನ ಆಯೋಗದ ಮುಂದ ಕುಂತು ಲೆಕ್ಕ ಬಿಚ್ಚಿಡಾಕ ಅವರದೇ ಆದ ಪ್ರತಿನಿಧಿ ಇಲ್ಲ.

ಇದರಿಂದ ಪೊಲೀಸ್ ಹುಡುಗರು ಏನು ಕಲ್ತರು ಅಂದ್ರ ಅರ್ಜಿ ಕೊಟ್ರ ಏನೂ ಆಗಂಗಿಲ್ಲ, ಸ್ಟ್ರೈಕ್ ಅಂತ ಅಂಜಿಸಿದ್ರ ಕಮಿಟಿ ಆಗ್ತದ. ಈ ಪಾಠ ಸರ್ಕಾರನೇ ಕಲಿಸ್ಯದ. ವಾಟ್ಸಾಪ್ ಗ್ರೂಪಿನಾಗ ಮತ್ತ ಮತ್ತ ಸಾಮೂಹಿಕ ರಜೆ ಮೆಸೇಜ್ ಹರದಾಡೋದು ಯಾಕ ಅಂತ ಕೇಳೋರಿಗೆ ನನ್ನ ಉತ್ತರ ಇದೇ.

ಇನ್ನ ಸಂಬಳದ ಮಾತು. 7ನೇ ವೇತನ ಆಯೋಗ 2024ರ ಆಗಸ್ಟಿನಿಂದ ಜಾರಿ ಆದ ಮ್ಯಾಲ ಪೊಲೀಸರಿಗೂ ಸಂಬಳ ಏರ್ಯದ, ಸುಳ್ಳು ಹೇಳಬಾರದು. ನನ್ನ ಮಗನ ಮನ್ಯಾಗ ಊಟಕ್ಕ ಕಡಿಮಿ ಇಲ್ಲ. ಕಡಿಮಿ ಇರೋದು ಅವನೇ. ಮನ್ಯಾಗ ಅವನಿಲ್ಲ. ಸೊಸಿ ಒಬ್ಬಾಕಿನೇ ಮಗಳನ್ನ ಸಾಲಿಗೆ ಕಳಸ್ತಾಳ, ದವಾಖಾನಿಗೆ ಒಯ್ತಾಳ, ಗ್ಯಾಸ್ ಬುಕ್ ಮಾಡ್ತಾಳ, ಹಬ್ಬದ ದಿನ ಹೋಳಗಿ ಮಾಡಿ ಡಬ್ಬಿ ಕಟ್ಟಿ ಠಾಣೆಗೆ ಕೊಟ್ಟು ಬರ್ತಾಳ. ಉಳದವರಿಗೆ ಹಬ್ಬ ಅಂದ್ರ ರಜೆ, ಪೊಲೀಸರಿಗೆ ಹಬ್ಬ ಅಂದ್ರ ಬಂದೋಬಸ್ತ್. ಸಂಕ್ರಮಣಕ್ಕ ನಮ್ಮೂರು ವಿಜಯಪುರದ ಸಿದ್ಧೇಶ್ವರ ಜಾತ್ರಿ, ಜನಾ ಎಲ್ಲಾ ಎಳ್ಳು ಬೆಲ್ಲ ಹಂಚ್ಕೊಂಡು ಮದ್ದು ಸುಡೋದು ನೋಡ್ಲಿಕ್ಕೆ ಹೋಗ್ತಾರ, ಅವ ಥಂಡ್ಯಾಗ ಬ್ಯಾರಿಕೇಡ್ ಹಿಡದು ನಿಂತಿರ್ತಾನ. ಗಣಪತಿ, ಮೊಹರಂ, ಇಲೆಕ್ಷನ್, ಮಂತ್ರಿ ಬಂದ್ರ ರೋಡ್ ಬಂದೋಬಸ್ತ್, ಪರೀಕ್ಷಾ ನಡದ್ರ ಪ್ರಶ್ನೆಪತ್ರಿಕೆ ಕಾವಲು, ಇವಕ್ಕೆಲ್ಲಾ ಅವರೇ ಬೇಕು, ಇವೆಲ್ಲಾ ಮುಗಿಸಿ ಬಂದ ಮ್ಯಾಲ ದಿನದ ಕೇಸು, ಸಮನ್ಸು, ವಾರಂಟು, ಕೋರ್ಟು ಹಂಗೇ ಕಾಯ್ಕೋತ ಕುಂತಿರ್ತಾವ.

2023ರ ಜನವರಿ 2ಕ್ಕ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು, ನಮ್ಮ ಅಪ್ಪಾರು, ಲಿಂಗೈಕ್ಯ ಆದಾಗ ಸೈನಿಕ ಶಾಲೆ ಮೈದಾನದಾಗ ಅಂತಿಮ ದರ್ಶನಕ್ಕ ಎಷ್ಟು ಲಕ್ಷ ಜನಾ ಬಂದ್ರು ಅಂತ ನಮ್ಮ ಜಿಲ್ಲಾದವರಿಗೆ ನಾ ಹೇಳೋದು ಬ್ಯಾಡ. ಅಷ್ಟು ಜನರ ನಡುವ ನೂಕುನುಗ್ಗಲ ಆಗದಂಗ, ಮುದುಕ್ಯಾರು ಮಕ್ಕಳು ಬೀಳದಂಗ ಸಾಲು ನಡಸಿದವರು ಯಾರ್ರಿ? ಅಪ್ಪಾರ ಮ್ಯಾಲಿನ ಭಕ್ತಿಯಿಂದ ಜನ ಶಿಸ್ತಿನಿಂದ ಇದ್ರು, ಖರೇ, ಆದ್ರ ಆ ಖಾಕಿ ಹುಡುಗರು ಹಗಲು ರಾತ್ರಿ ಕಾಲ ಮ್ಯಾಲ ನಿಂತಿದ್ರು ಅನ್ನೋದೂ ಅಷ್ಟೇ ಖರೇ. ಅವರಿಗೂ ಅಪ್ಪಾರ ದರ್ಶನ ಮಾಡೋ ಆಸೆ ಇತ್ತು. ನನ್ನ ಮಗ ಜನರ ಕಡೆ ಮುಖ ಮಾಡಿ ನಿಂತಿದ್ದ, ಬೆನ್ನ ಹಿಂದಿನಿಂದ ಮೆರವಣಿಗಿ ಹೋತು ಅಂತ ಹೇಳಿದ.

ಡಿಸೆಂಬರ್ ಬಂತಂದ್ರ ಬೆಳಗಾವಿ ಅಧಿವೇಶನ. ಸುವರ್ಣ ವಿಧಾನಸೌಧ 2012ರಾಗ ಉದ್ಘಾಟನೆ ಆದಾಗ ನಮ್ಮ ಉತ್ತರ ಕರ್ನಾಟಕಕ್ಕೊಂದು ಗೌರವ ಸಿಕ್ತು ಅಂತ ಎಲ್ಲರಿಗೂ ಖುಷಿ ಆತು, ನನಗೂ ಆಗ್ಯದ. ಆದ್ರ ಪ್ರತಿ ಅಧಿವೇಶನಕ್ಕ ಸುತ್ತಲ ಜಿಲ್ಲಾಗಳಿಂದ ಸಾವಿರಾರು ಸಿಬ್ಬಂದಿ ಅಲ್ಲಿಗೆ ಹೋಗ್ಬೇಕು, ಕಲ್ಯಾಣ ಮಂಟಪದಾಗೋ ಟೆಂಟಿನಾಗೋ ಮಲಗ್ಬೇಕು, ಬೆಳಗಾವಿ ಥಂಡಿ ಅಂದ್ರ ಸಣ್ಣ ಥಂಡಿ ಅಲ್ಲ. ಹೆಣ್ಣು ಸಿಬ್ಬಂದಿಗೆ ಬಚ್ಚಲ, ಪಾಯಖಾನಿ ತ್ರಾಸು ಬ್ಯಾರೇ, ಅದನ್ನ ಅವರು ಯಾರ ಮುಂದೂ ಬಾಯಿಬಿಟ್ಟು ಹೇಳಂಗಿಲ್ಲ, ಆ ದಿನಗಳಾಗ ನೀರು ಕಡಿಮಿ ಕುಡೀತೀವಿ ಆಂಟಿ ಅಂತ ನನ್ನ ಹತ್ರ ಒಬ್ಬ ಹುಡುಗಿ ಅಂದಳು. ಸುವರ್ಣಸೌಧದ ಮುಂದ ದಿನಾ ಎಷ್ಟೋ ಸಂಘಟನೆ ಟೆಂಟ್ ಹಾಕಿ ಧರಣಿ ಮಾಡ್ತಾವ, ಅಂಗನವಾಡಿಯವರು, ಅತಿಥಿ ಉಪನ್ಯಾಸಕರು, ರೈತರು, ಮಂತ್ರಿಗಳು ಬಂದು ಮನವಿ ಇಸ್ಕೊಂಡು ಹೋಗ್ತಾರ. ಆ ಎಲ್ಲಾ ಧರಣಿಗೂ ಕಾವಲು ನಿಂತವನ ಮನವಿ ಇಸ್ಕೊಳ್ಳೋರು ಯಾರೂ ಇಲ್ಲ.

ಇದು ನನ್ನ ಮಗನೊಬ್ಬನ ಕಥಿ ಅಂತ ತಿಳಿಬ್ಯಾಡ್ರಿ. ಕೇಂದ್ರದ ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಬ್ಯೂರೋ 2014ರಾಗ ಠಾಣೆಗಳಾಗ 8 ತಾಸಿನ ಪಾಳಿ ತರೋದರ ಮ್ಯಾಲ ಒಂದು ಅಧ್ಯಯನ ಹೊರಗ ತಂತು. ಠಾಣೆ ಸಿಬ್ಬಂದಿದಾಗ ಶೇ 90ರಷ್ಟು ಮಂದಿ ದಿನಾ 8 ತಾಸಿಗಿಂತ ಜಾಸ್ತಿ ದುಡೀತಾರ ಅಂತ ಅದರಾಗ ಅದ, ತಮ್ಮ ಸಿಬ್ಬಂದಿ 11 ತಾಸು ಇಲ್ಲಾ ಅದಕ್ಕಿಂತ ಹೆಚ್ಚು ಡ್ಯೂಟಿ ಮಾಡ್ತಾರಂತ ಮೂರರಾಗ ಎರಡು ಭಾಗ ಠಾಣಾಧಿಕಾರಿಗಳೇ ಒಪ್ಪಿಕೊಂಡಾರ, ತಿಂಗಳಿಗೆ ಒಂದು ವಾರದ ರಜೆನೂ ಸಿಗದವರೇ ಜಾಸ್ತಿ ಅಂತನೂ ಅದರಾಗ ಅದ. 11 ತಾಸಿನ ಮಾತು ಸಾಹೇಬ್ರೇ ಹೇಳಿದ್ದು, ಕೆಲಸಗಳ್ಳರು ಹೇಳಿದ್ದಲ್ಲ.

ನಿದ್ದಿಗೆಟ್ಟ ಮನಷ್ಯಾನ ಕೈಯಾಗ ಲಾಠಿ ಕೊಟ್ಟು ಜನರ ಜೋಡಿ ಸೌಜನ್ಯದಿಂದ ಮಾತಾಡು ಅಂದ್ರ ಎಷ್ಟು ದಿನಾ ಮಾತಾಡ್ತಾನ ಹೇಳ್ರಿ. ಪೊಲೀಸ್ರು ಒರಟು ಮಾತಾಡ್ತಾರ, ಠಾಣೆದಾಗ ರೊಕ್ಕಾ ತಿಂತಾರ, ಬಡವರ ಕಂಪ್ಲೇಂಟ್ ತಗೊಳ್ಳಂಗಿಲ್ಲ, ಈ ಮಾತು ನನಗೂ ಗೊತ್ತದ, ನಮ್ಮ ಓಣಿದಾಗೂ ಅನುಭವಿಸಿದವರು ಅದಾರ, ಅಂಥವರಿಗೆ ಶಿಕ್ಷಾ ಆಗ್ಬೇಕು, ಅದಕ್ಕ ಎರಡು ಮಾತಿಲ್ಲ. ಆದ್ರ ಹಂಗ ಮಾಡೋರಿಗೆ ಸಂಘ ಬೇಕಾಗಿಲ್ರಿ, ಅವರ ದಾರಿ ಅವರಿಗೆ ಗೊತ್ತದ. ನಿಯತ್ತಿಲೆ ದುಡಿಯೋನಿಗೇ ಬೇಕಾಗ್ಯದ. 2023ರಾಗ ಪಕ್ಕದ ಕಲಬುರಗಿ ಜಿಲ್ಲಾದಾಗ ಜೇವರ್ಗಿ ಕಡೆ ಕಳ್ಳ ಮರಳಿನ ಟ್ರ್ಯಾಕ್ಟರ್ ತಡೀಲಿಕ್ಕೆ ಹೋದ ಹೆಡ್ ಕಾನ್‌ಸ್ಟೇಬಲ್ ಮ್ಯಾಲ ಗಾಡಿ ಹಾಯಿಸಿ ಕೊಂದ್ರು. ಭೀಮಾ ದಂಡಿ ಮ್ಯಾಲ ರಾತ್ರಿ ಬೀಟಿಗೆ ಹೋಗೋ ಹುಡುಗರ ತಾಯಂದಿರು ಆ ಸುದ್ದಿ ಓದಿದ ದಿನದಿಂದ ಫೋನ್ ತಲಿದಿಂಬಿನ ಕೆಳಗ ಇಟ್ಕೊಂಡು ಮಲಗ್ತಾರ.

ವರ್ಗಾವಣಿದು ಇನ್ನೊಂದು. ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಹುಡುಗರು ಬೆಂಗಳೂರು ನೇಮಕಾತಿಗೆ ಅರ್ಜಿ ಹಾಕಿ ಅಲ್ಲೇ ಸೇರ್ತಾರ, ಅಲ್ಲಿ ಪೋಸ್ಟ್ ಜಾಸ್ತಿ ಇರ್ತಾವ. ಆಮ್ಯಾಲ ತಂದಿ ತಾಯಿಗೆ ವಯಸ್ಸಾತು, ಹೇಣ್ತಿ ಇಲ್ಲಿ ಟೀಚರ್ ಅದಾಳ, ಊರ ಕಡೆ ಹಾಕ್ರಿ ಅಂದ್ರ ಅಂತರ ಜಿಲ್ಲಾ ವರ್ಗಾವಣಿ ಸಿಗೋದು ಅಂದ್ರ ದೊಡ್ಡ ತಪಸ್ಸು. ನನ್ನ ಮಗನ ವಾರಗಿ ಹುಡುಗರು ಎಷ್ಟೋ ಮಂದಿ ಹಂಗೇ ಅಲ್ಲಿ ಒಂದು ಖೋಲಿ ಬಾಡಿಗಿ ಹಿಡದು ಕುಂತಾರ.

ಈಗ 2023ರ ಮಾರ್ಚ್ 1ರ ಮಾತು ಹೇಳ್ತೀನಿ. ನಾ ಆಗ ಇನ್ನ ಸರ್ವಿಸಿನಾಗ ಇದ್ದೆ. ರಾಜ್ಯ ಸರ್ಕಾರಿ ನೌಕರರು ವೇತನ ಪರಿಷ್ಕರಣೆಗೆ ಮುಷ್ಕರ ಕರೆ ಕೊಟ್ಟಿದ್ರು, ನಾವು ಟೀಚರ್‌ಗಳೂ ಸಾಲಿ ಬಂದ್ ಮಾಡಿದ್ವಿ. ಮಧ್ಯಾಹ್ನ ಆಗೋದ್ರೊಳಗ ಸರ್ಕಾರ ಶೇ 17 ಮಧ್ಯಂತರ ಪರಿಹಾರದ ಆದೇಶ ಹೊರಡಿಸ್ತು, ಮುಷ್ಕರ ಮುಗೀತು, ಎಲ್ಲಾರೂ ಪೇಡೆ ಹಂಚಿದ್ವಿ. ಆವತ್ತು ನನ್ನ ಮಗ ಬಂದೋಬಸ್ತ್ ಡ್ಯೂಟಿ ಮ್ಯಾಲಿದ್ದ. ಅವ್ವ ಮುಷ್ಕರದಾಗ, ಮಗ ಆ ಮುಷ್ಕರದ ಕಾವಲಿಗೆ. ಅವನ ಸಂಬಳನೂ ಏರಿತು, ಆದ್ರ ನಾವು ಬೀದಿಗೆ ಇಳದು ತಂದದ್ದು ಅದು, ಅವನು ಕೇಳಿ ತಗೊಂಡದ್ದಲ್ಲ. ಅವನಿಗೆ ಬೇಕಾದ ವಾರದ ರಜೆ ನಮ್ಮ ಬೇಡಿಕೆ ಪಟ್ಟಿದಾಗ ಇರ್ಲಿಲ್ಲ, ಯಾಕಂದ್ರ ನಮಗ ಅದು ಮೊದಲೇ ಇತ್ತು. ಒಂದೇ ಮನೆತನ, ಒಂದೇ ಸರ್ಕಾರದ ಸಂಬಳ, ನನಗ ಸಂಘ ಇತ್ತು, ಅಧ್ಯಕ್ಷರಿದ್ರು, ಮುಖ್ಯಮಂತ್ರಿ ಎದುರು ಕುಂತು ಮಾತಾಡೋರಿದ್ರು. ಅವನಿಗೆ ಏನದ?

ಇಷ್ಟು ವರ್ಷ ಇತಿಹಾಸ ಹೇಳಿದಾಕಿ, ಹಂಗಾಗಿ ಇನ್ನೊಂದು ಮಾತು ಹೇಳದ ಬಿಡಂಗಿಲ್ಲ. 1918ರ ಆಗಸ್ಟಿನಾಗ ಲಂಡನ್ ಪೊಲೀಸ್ರು ಸಂಬಳಕ್ಕಾಗಿ ಸ್ಟ್ರೈಕ್ ಮಾಡಿದ್ರು, ಮರುವರ್ಷ ಲಿವರ್‌ಪೂಲಿನಾಗೂ ಆತು, 1919ರ ಆ ಸ್ಟ್ರೈಕಿನಾಗ ನಿಂತ 2,000ಕ್ಕೂ ಹೆಚ್ಚು ಪೊಲೀಸರನ್ನ ಬ್ರಿಟಿಷರು ಕೆಲಸದಿಂದ ತಗದು ಹಾಕಿದ್ರು. ಆದ್ರ ಅದೇ 1919ರ ಕಾಯ್ದೆದಾಗ ಪೊಲೀಸ್ರು ಸ್ಟ್ರೈಕ್ ಮಾಡಂಗಿಲ್ಲ ಅಂತ ಬರದು, ಅದರ ಬದಲಿಗೆ ಪೊಲೀಸರ ಪರವಾಗಿ ಮಾತಾಡ್ಲಿಕ್ಕೆ ಪೊಲೀಸ್ ಫೆಡರೇಶನ್ ಅಂತ ಒಂದು ಸಂಸ್ಥಾ ಮಾಡಿ ಕೊಟ್ರು, ಪೊಲೀಸರ ಸಂಬಳ ನೋಡ್ಲಿಕ್ಕೆ ಮಾಡಿದ್ದ ಡೆಸ್ಬರೋ ಕಮಿಟಿ ಹೇಳಿದಂಗ ಸಂಬಳನೂ ಏರಿಸಿದ್ರು. ಒಂದು ಹಕ್ಕು ಕಸಗೊಂಡು ಇನ್ನೊಂದು ಕೊಟ್ರು. ಮೂರು ವರ್ಷಕ್ಕ, 1922ರಾಗ, ಅದೇ ಬ್ರಿಟಿಷರು ಇಂಡಿಯಾದ ಪೊಲೀಸರಿಗೆ ಏನು ಕೊಟ್ರು ಗೊತ್ತೇನ್ರಿ, ಪೊಲೀಸರಾಗ ಅಸಮಾಧಾನ ಹುಟ್ಟಿಸಿದವರನ್ನ ಜೈಲಿಗೆ ಹಾಕೋ ಕಾಯ್ದೆ ಕೊಟ್ರು, ಫೆಡರೇಶನ್ ಕೊಡ್ಲಿಲ್ಲ. ತಮ್ಮ ಪೊಲೀಸ ನಾಗರಿಕ, ನಮ್ಮ ಪೊಲೀಸ ಆಳು, ಅಷ್ಟೇ ಅವರ ಲೆಕ್ಕ. ಸ್ವಾತಂತ್ರ್ಯ ಬಂದ ಮ್ಯಾಲ ನಾವು 1966ರಾಗ ನಿರ್ಬಂಧದ ಕಾಯ್ದೆನೂ ಮಾಡಿದ್ವಿ, ಆದ್ರ ಬದಲಿಗೆ ಕೊಡಬೇಕಾದದ್ದು ಇನ್ನೂ ಕೊಟ್ಟಿಲ್ಲ.

ಸಂಘ ಕೊಟ್ರ ಮುಂಬಯಿ ಆದಂಗ ಆಗ್ತದ ಅಂತ ಹಿರಿಯರು ಅಂಜಿಸ್ತಾರ. 1982ರ ಆಗಸ್ಟ್ 18ರ ಮುಂಬಯಿ ನಮ್ಮ ಕಡೆ ದುಡೀಲಿಕ್ಕೆ ಹೋದವರಿಗೆ ನೆನಪಿರ್ತದ, ಪೊಲೀಸ್ರೇ ದಂಗೆ ಎದ್ರು, ಅಂಗಡಿ ಲೂಟಿ ಆದ್ವು, ಮಿಲಿಟರಿ ಕರಸ್ಬೇಕಾತು. ಅದನ್ನ ನಾ ಸಮರ್ಥನೆ ಮಾಡಂಗಿಲ್ಲ. ಆದ್ರ ಅದು ಆಗಿದ್ದು ಸಂಘ ಕೊಟ್ಟ ದಿನ ಅಲ್ಲ, ಸಂಘದ ಮಾನ್ಯತೆ ಕಸಗೊಂಡು ಮುಖಂಡರನ್ನ ಹಿಡದು ಹಾಕಿದ ಮ್ಯಾಲ. ಅತ್ತ ಕೇರಳ ನೋಡ್ರಿ, ದಶಕಗಳಿಂದ ಅಲ್ಲಿ ಪೊಲೀಸ್ ಅಸೋಸಿಯೇಶನ್ ಅದ, ಅದಕ್ಕ ಚುನಾವಣಿ ನಡೀತಾವ, ಅಧಿಕಾರಿಗಳ ಜೋಡಿ ಕುಂತು ಮಾತಾಡ್ತಾರ. ಕೇರಳಕ್ಕೂ ಇದೇ ಸಂವಿಧಾನ, ಇದೇ 1966ರ ಕಾಯ್ದೆ. ಆ ಕಾಯ್ದೆ ಸಂಘನೇ ಬ್ಯಾಡ ಅಂತ ಹೇಳಂಗಿಲ್ಲ, ಪರವಾನಗಿ ಇಲ್ಲದ ಬ್ಯಾಡ ಅಂತದ. ಪರವಾನಗಿ ಕೊಡೋ ಮನಸ್ಸು ನಮ್ಮ ಸರ್ಕಾರಕ್ಕ ಬರಬೇಕು, ಅಷ್ಟೇ.

ಸುಪ್ರೀಂ ಕೋರ್ಟ್ 2006ರಾಗ ಪ್ರಕಾಶ್ ಸಿಂಗ್ ಕೇಸಿನಾಗ ಪೊಲೀಸ್ ಸುಧಾರಣೆಗೆ 7 ನಿರ್ದೇಶನ ಕೊಟ್ಟದ. ಅದರಾಗ ಪೊಲೀಸ್ ಸಿಬ್ಬಂದಿ ಮಂಡಳಿ ಅಂತ ಒಂದು, ವರ್ಗಾವಣಿ, ಬಡ್ತಿ, ಶಿಸ್ತುಕ್ರಮದ ಬಗ್ಗೆ ಅನ್ಯಾಯ ಆದ್ರ ಆ ಮಂಡಳಿ ಮುಂದ ಮೇಲ್ಮನವಿ ಹಾಕಬಹುದು. ಯಾರು ಹಾಕಬಹುದು? ಎಸ್‌ಪಿ ಮತ್ತು ಅವರ ಮ್ಯಾಲಿನ ದರ್ಜೆಯವರು. ಕಾನ್‌ಸ್ಟೇಬಲ್ ಹೆಸರು ಅಲ್ಲಿ ಇಲ್ಲ. ಇದನ್ನ ಓದಿದಾಗ ನನಗ ಭಾಳ ಕೆಟ್ಟ ಅನಿಸ್ತು.

ಕೆಳಗಿನವರ ಮಾತು ಕೇಳಿದ್ರ ಇಲಾಖೆಗೆ ಲಾಭನೇ ಅದ ಅನ್ನೋದಕ್ಕ ಮುಂಬಯಿದೇ ಇನ್ನೊಂದು ಉದಾಹರಣೆ ಅದ. 2016ರಾಗ ಅಲ್ಲಿ ದೇವನಾರ್ ಠಾಣೆಯ ಕಾನ್‌ಸ್ಟೇಬಲ್ ಒಬ್ಬರು 8 ತಾಸಿನ ಪಾಳಿ ಹೆಂಗ ಕೂಡಿಸಬಹುದು ಅಂತ ತಾವೇ ಲೆಕ್ಕ ಹಾಕಿ ಕಮಿಷನರ್ ದತ್ತಾ ಪಡಸಲಗೀಕರ್ ಅವರಿಗೆ ಕೊಟ್ರು. ಕಮಿಷನರು ಅದನ್ನ ಬದಿಗೆ ಒಗೀಲಿಲ್ಲ, ಮೊದಲು ಅದೇ ಠಾಣೆದಾಗ ಮಾಡಿ ನೋಡಿದ್ರು, ಆಮ್ಯಾಲ ಊರಿನ ಉಳದ ಠಾಣೆಗಳಿಗೂ ತಂದ್ರು. ನಮ್ಮಲ್ಲೂ ಅಂಥಾ ಬುದ್ಧಿ ಇರೋ ಹುಡುಗರು ಅದಾರ್ರಿ, ಡಿಗ್ರಿ, ಪಿಜಿ ಮಾಡಿ ಕಾನ್‌ಸ್ಟೇಬಲ್ ಆದವರು ಎಷ್ಟೋ ಮಂದಿ, ಅವರನ್ನ ಕರದು ಕೇಳೋರಿಲ್ಲ.

ಹೋದ ವರ್ಷ, 2025ರ ಅಕ್ಟೋಬರಿನಾಗ, ನಮ್ಮ ಕಾನ್‌ಸ್ಟೇಬಲ್‌ಗಳ ತಲಿ ಮ್ಯಾಲಿನ ಹಳೇ ಅಗಲ ಅಂಚಿನ ಸ್ಲೋಚ್ ಹ್ಯಾಟ್ ಹೋಗಿ ನೀಲಿ ಪೀಕ್ ಕ್ಯಾಪ್ ಬಂತು. ಛಲೋ ಆತು, ಆ ಹ್ಯಾಟ್ ಓಡೋವಾಗ ಬೀಳ್ತದ ಅಂತ ಹುಡುಗರು ವರ್ಷಗಟ್ಟಲೆ ಹೇಳ್ಕೋತ ಬಂದಿದ್ರು. ಟೋಪಿ ಮಾತು ಕೇಳಿದ ಸರ್ಕಾರ ಟೋಪಿ ಹಾಕ್ಕೊಂಡವನ ಡ್ಯೂಟಿ ತಾಸಿನ ಮಾತೂ ಕೇಳ್ಲಿ. ಸಿಬ್ಬಂದಿ ಕೊರತೆ ಅದ, ಹಂಗಾಗಿ ರಜೆ ಕೊಡ್ಲಿಕ್ಕೆ ಆಗಂಗಿಲ್ಲ ಅನ್ನೋದು ಹಳೇ ಉತ್ತರ. ಕೊರತೆ ಮಾಡಿದವರು ಯಾರು? 545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರಿನಾಗ ಪರೀಕ್ಷಾ ಆತು, ಅದರಾಗ ಹಗರಣ ಆಗಿ ನೇಮಕಾತಿ ವಿಭಾಗದ ಎಡಿಜಿಪಿನೇ ಅರೆಸ್ಟ್ ಆದ್ರು, ಮರುಪರೀಕ್ಷಾ ಆಗೋದ್ರೊಳಗ 2024ರ ಜನವರಿ ಬಂತು. ಆ ಖಾಲಿ ಕುರ್ಚಿಗಳ ಕೆಲಸ ಅಷ್ಟು ದಿನ ಮಾಡಿದವರು ಇದ್ದ ಸಿಬ್ಬಂದಿನೇ.

ಗೃಹ ಸಚಿವರಿಗೆ, ಡಿಜಿಪಿ ಸಾಹೇಬ್ರಿಗೆ ನಿಮ್ಮ ಪತ್ರಿಕೆ ಮೂಲಕ ನಾ ಕೇಳೋದು ಇಷ್ಟು. ಕಾನ್‌ಸ್ಟೇಬಲ್‌ದಿಂದ ಎಎಸ್‌ಐ ತನಕದ ಸಿಬ್ಬಂದಿಗೆ ಒಂದು ಮಾನ್ಯತೆ ಇರೋ ಸಂಘ ಕೊಡ್ರಿ, ಸ್ಟ್ರೈಕ್ ಮಾಡಂಗಿಲ್ಲ, ರಾಜಕೀಯ ಮಾಡಂಗಿಲ್ಲ ಅಂತ ಅದರ ಬೈಲಾದಾಗೇ ಬರೀರಿ, ಪ್ರತಿನಿಧಿಗಳನ್ನ ಸಿಬ್ಬಂದಿನೇ ಗುಪ್ತ ಮತದಾನದಿಂದ ಆರಿಸ್ಲಿ, ಸಾಹೇಬ್ರು ನೇಮಿಸಿದ ಹೂಂ ಅನ್ನೋರು ಬ್ಯಾಡ, ಹೆಣ್ಣು ಸಿಬ್ಬಂದಿಗೆ ಅದರಾಗ ಕಡ್ಡಾಯ ಜಾಗಾ ಇರ್ಲಿ. ಮುಂದಿನ ವೇತನ ಆಯೋಗದ ಮುಂದ ಆ ಸಂಘ ಕುಂತು ಮಾತಾಡ್ಲಿ. ವಾರದ ರಜೆ ಯಾರಿಗೆ ಕೊಟ್ರಿ, ಯಾರಿಗೆ ಇಲ್ಲ, ಯಾಕಿಲ್ಲ ಅನ್ನೋದು ಪ್ರತಿ ಠಾಣೆದಾಗ ಸಿಬ್ಬಂದಿಗೆ ಕಾಣೋ ಹಂಗ ಬೋರ್ಡಿನ ಮ್ಯಾಲ ಹಚ್ಚಿರ್ಲಿ, ತಿಂಗಳಿಗೊಮ್ಮೆ ಎಸ್‌ಪಿ ಅದಕ್ಕ ಸಹಿ ಮಾಡ್ಲಿ. ತಕರಾರು ಹೇಳಿದವನನ್ನ ಮರುದಿನನೇ ದೂರದ ಔಟ್‌ಪೋಸ್ಟಿಗೆ ಒಗಿಯೋದು ನಿಲ್ಲಲಿ.

ಮತ್ತ ಹೋದ ವಾರ ಪತ್ರ ಬರದ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಓಣಿ ಹತ್ರದ ಠಾಣೆಗೆ ಒಮ್ಮೆ ಹೋಗಿ, ಅಲ್ಲಿ ಸೆಂಟ್ರಿ ಡ್ಯೂಟಿ ಮ್ಯಾಲಿರೋ ಹುಡುಗನಿಗೆ ಕಡೀಕ ಯಾವಾಗ ವಾರದ ರಜೆ ತಗೊಂಡಿದ್ದಿಪ್ಪಾ ಅಂತ ಕೇಳಿ ನೋಡ್ರಿ. ಆಮ್ಯಾಲ ಮತ್ತೊಂದು ಪತ್ರ ಬರೀರಿ, ನಾ ಕಾಯ್ತೀನಿ.

ಇಂತಿ,
ಒಬ್ಬ ಪೊಲೀಸ್ ಕಾನ್‌ಸ್ಟೇಬಲ್‌ನ ತಾಯಿ, ನಿವೃತ್ತ ಶಿಕ್ಷಕಿ
ವಿಜಯಪುರ